ಬಲ್ಬು ಹೊತ್ತಿಸದ ಕಂಡೆನ್ಸರುಗಳು

ಕಡಬದ ಶಾಲೆಯಲ್ಲಿ ನಾನು ಮಾಸ್ತರನಾಗಿದ್ದಾಗ ಆರು ನಿರಪರಾಧಿಗಳನ್ನು ಫೇಲು ಮಾಡಿದ್ದೇನೆ. ಮಕ್ಕಳನ್ನಲ್ಲ, ಕಂಡೆನ್ಸರುಗಳನ್ನು. ರೇಡಿಯೋದ ಹೊಟ್ಟೆಯೊಳಗೆ ಬೀಡಿಯಷ್ಟುದ್ದ ಮಲಗಿರುವ, ಮೇಣ ಹಚ್ಚಿದ ಕೊಳವೆಗಳವು.

ಊರಿಗಿನ್ನೂ ಕರೆಂಟು ಬಂದಿರಲಿಲ್ಲ. ಇದ್ದ ನಾಲ್ಕೈದು ರೇಡಿಯೋಗಳು ಇಟ್ಟಿಗೆಯಂಥ ಬ್ಯಾಟರಿಯ ಮೇಲೆ ಮಾತನಾಡುತ್ತಿದ್ದವು. ನಾನು ಪುತ್ತೂರಿನಲ್ಲಿ ರೇಡಿಯೋ ರಿಪೇರಿಯ ಹಳೆಯ ಪುಸ್ತಕವೊಂದನ್ನು ಕೊಂಡು, ಅರ್ಧ ಓದಿ, ಪೂರ್ತಿ ಪಂಡಿತನಾದೆ. ಎರಡು ಟಾರ್ಚಿನ ಸೆಲ್ಲು, ಒಂದು ಪುಟ್ಟ ಬಲ್ಬು, ಎರಡು ವಯರು: ಇಷ್ಟೇ ನನ್ನ ಪ್ರಯೋಗಶಾಲೆ. ವಯರಿನ ಎರಡು ತುದಿಗಳ ನಡುವೆ ವಸ್ತುವನ್ನು ಹಿಡಿಯುವುದು, ಬಲ್ಬು ಹೊತ್ತಿದರೆ ಪಾಸು, ಹೊತ್ತದಿದ್ದರೆ ಫೇಲು. ಮನೆಯ ಚಮಚ, ಬೀಗದ ಕೈ, ಹೆಂಡತಿಯ ಬಳೆ ಎಲ್ಲವೂ ಪರೀಕ್ಷೆಗೆ ಕುಳಿತವು. "ನಿಮ್ಮ ತಲೆಗೂ ಒಮ್ಮೆ ಹಿಡಿದು ನೋಡಿ" ಎಂದಳು ಅವಳು. ಹಿಡಿದೆ. ಹೊತ್ತಲಿಲ್ಲ. ಆ ಫಲಿತಾಂಶವನ್ನು ಮಾತ್ರ ಪ್ರಕಟಿಸಲಿಲ್ಲ.

ಆಗ ಜವಳಿ ಅಂಗಡಿಯ ಇದಿನಬ್ಬ ಬ್ಯಾರಿಯ ರೇಡಿಯೋ ಒಂದು ಸಂಜೆ ತಟ್ಟನೆ ಮೂಕವಾಯಿತು. ಹೊಸ ಬ್ಯಾಟರಿ ಹಾಕಿದರೂ ಉಸಿರಿಲ್ಲ. ಅವರ ತಾಯಿ ಬೀಫಾತಿಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ಮುದುಕಿಗೆ ಬ್ಯಾರಿ ಮತ್ತು ತುಳು ಬಿಟ್ಟರೆ ಬೇರೆ ಮಾತು ಅಷ್ಟಕ್ಕಷ್ಟೆ. ಆದರೂ ಸಂಜೆಯ ಕನ್ನಡ ವಾರ್ತೆ ಕೇಳದೆ ಊಟ ಮಾಡುತ್ತಿರಲಿಲ್ಲ. "ದಿನಾ ಬಂದು ಮಾತಾಡುವ ಹುಡುಗ, ಒಂದು ದಿನವೂ ತಪ್ಪಿಸಿದವನಲ್ಲ" ಎನ್ನುತ್ತಿದ್ದರು ವಾರ್ತೆ ಓದುವವನ ಬಗ್ಗೆ. ಅವನು ಬರುವುದು ನಿಂತ ಮೇಲೆ ಗಂಜಿಯ ಬಟ್ಟಲು ಹಾಗೇ ಉಳಿಯತೊಡಗಿತು.

"ಉಮ್ಮ ಸರಿ ಉಣ್ಣುದಿಲ್ಲ ಮಾಸ್ಟ್ರೆ. ಎಂತಾದ್ರೂ ಮಾಡಿ" ಎಂದು ಇದಿನಬ್ಬ ನನ್ನ ಮನೆಗೇ ಬಂದರು.

ನಾನು ಹೋಗಿ ಬಿಚ್ಚಿದೆ. ಕಂಡೆನ್ಸರುಗಳನ್ನು ಒಂದೊಂದಾಗಿ ಬಿಡಿಸಿ ಬಲ್ಬಿಗೆ ಹಿಡಿದೆ. ಒಂದೂ ಹೊತ್ತಿಸಲಿಲ್ಲ. "ಮೂರೂ ಸತ್ತಿವೆ" ಎಂದು ನಾಡಿ ನೋಡಿದ ವೈದ್ಯನ ಗಾಂಭೀರ್ಯದಲ್ಲಿ ಹೇಳಿದೆ. ಇದಿನಬ್ಬ ಬಸ್ಸು ಹತ್ತಿ ಮಂಗಳೂರಿನಿಂದ ಹೊಸ ಮೂರನ್ನು ತಂದರು. ಅವೂ ಹೊತ್ತಿಸಲಿಲ್ಲ! ಅಂಗಡಿಯವನು ಮೋಸಗಾರನೆಂದು ತೀರ್ಪು ಕೊಟ್ಟೆ. ಪಾಪ, ಮೃದು ಮನುಷ್ಯ ಇದಿನಬ್ಬ, ನನ್ನ ಮಾತು ನಂಬಿ ಮತ್ತೆ ಬಸ್ಸು ಹತ್ತಿ ಜಗಳಕ್ಕೆ ಹೋದರು.

ಮರುದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ. ಅದು ಇನ್ನೂ ಅಪಾಯದ ಲಕ್ಷಣ.

"ಮಾಸ್ಟ್ರೆ, ಅಂಗಡಿಯವ ನನ್ನನ್ನು ಕೂರಿಸಿ ಚಾ ಕೊಟ್ಟು ಹೇಳಿದ. ಕಂಡೆನ್ಸರ್ ಒಳ್ಳೆದಿದ್ರೆ ಬಲ್ಬು ಹೊತ್ತುದಿಲ್ಲವಂತೆ. ಹೊತ್ತಿದ್ರೇ ಹಾಳಂತೆ."

ನಾನು ಗೇಟಿನ ಚಿಲಕವನ್ನು ಹಾಕಿ, ತೆಗೆದು, ಮತ್ತೆ ಹಾಕಿದೆ.

"ನೀವು ಶಾಲೆಯಲ್ಲಿ ಫೇಲು ಮಾಡಿದ ಮಕ್ಕಳನ್ನು ಸಹಾ ಒಮ್ಮೆ ತಿರುಗಿ ನೋಡುದು ಒಳ್ಳೆದು ಮಾರಾಯ್ರೆ."

ಮನೆಗೆ ಓಡಿ ಪುಸ್ತಕದ ಓದದ ಅರ್ಧವನ್ನು ತೆರೆದೆ. ಬ್ಯಾಟರಿಯ ಕರೆಂಟನ್ನು ತಡೆದು ನಿಲ್ಲಿಸುವುದೇ ಕಂಡೆನ್ಸರಿನ ಗುಣ ಎಂದು ಅಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಸುಮ್ಮನಿರುವುದೂ ಒಂದು ಯೋಗ್ಯತೆ ಎಂಬುದು ದಿನವಿಡೀ ಮಾತಾಡಿ ಬದುಕುವ ಮಾಸ್ತರನಿಗೆ ಹೇಗೆ ಹೊಳೆಯಬೇಕು?

ನಾಚಿಕೆ ನುಂಗಿಕೊಂಡು ಮತ್ತೆ ಅವರ ಮನೆಗೆ ಹೋದೆ. ಹಳೆಯ ಕಂಡೆನ್ಸರುಗಳನ್ನು ಬೆಸೆದು ಅವುಗಳ ಸ್ಥಾನದಲ್ಲೇ ಕೂರಿಸಿದೆ. ಬೀಫಾತಿಮ್ಮ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತಿದ್ದರು. ಸ್ಪೀಕರಿಗೆ ಹೋಗುವ ವಯರುಗಳಿಗೆ ನನ್ನ ಸೆಲ್ಲುಗಳನ್ನು ಮುಟ್ಟಿಸುತ್ತಿದ್ದೆ. ಸರಿಯಿದ್ದರೆ ಸ್ಪೀಕರು ಟಿಕ್ ಎನ್ನಬೇಕು; ಸದ್ದಿಲ್ಲ. ವಯರನ್ನು ಸ್ವಲ್ಪ ಎತ್ತಿ ಮತ್ತೆ ಮುಟ್ಟಿಸಿದೆ.

"ಈಗ ಟಿಕ್ ಅಂತು" ಎಂದರು ಮುದುಕಿ ತುಳುವಿನಲ್ಲಿ.

ನನಗೇನೂ ಕೇಳಿಸಿರಲಿಲ್ಲ.

"ನೀನು ಎಂತದೋ ಎತ್ತಿದ ಸದ್ದಾದಾಗ ಅಂತು. ಬಿಟ್ಟಾಗ ನಿಂತಿತು. ಇನ್ನೊಮ್ಮೆ ಎತ್ತು."

ಎತ್ತಿದೆ. ಅವರು ಕಿವಿಯನ್ನು ಸ್ಪೀಕರಿನ ಹತ್ತಿರ ತಂದು, "ಹಾಂ, ಅಲ್ಲೇ. ಕೈ ತೆಗೆಯಬೇಡ" ಎಂದರು. ಬೆರಳಿನ ಕೆಳಗಿನ ಹೊದಿಕೆಯನ್ನು ಸುಲಿದು ನೋಡಿದರೆ ಒಳಗಿನ ತಂತಿ ತುಂಡಾಗಿತ್ತು! ಮೇಲ್ನೋಟಕ್ಕೆ ವಯರು ಮದುಮಗನ ಹಾಗೆ ನೆಟ್ಟಗಿತ್ತು. ಕೆಂಡದಲ್ಲಿ ಕಾಯಿಸಿದ ಕಬ್ಬಿಣದಿಂದ ಅದನ್ನು ಬೆಸೆದೆ.

ವಾರ್ತೆಯ ಹೊತ್ತಾಗಿತ್ತು. ರೇಡಿಯೋದ ಗುಂಡಿ ತಿರುಗಿಸಿದಾಗ ಸ್ವಲ್ಪ ಗೊರಗೊರ ಎಂದು, ಆಮೇಲೆ ಆ ದನಿ ಬಂತು. ಬೀಫಾತಿಮ್ಮ ಅಲುಗಲಿಲ್ಲ, ಕೈ ಮಾತ್ರ ಪೆಟ್ಟಿಗೆಯ ಮೇಲೆ ಹೋಗಿ ಕುಳಿತಿತು. ಇದಿನಬ್ಬ ಒದ್ದೆಯಾದ ಕಣ್ಣನ್ನು ನನಗೆ ತೋರಿಸಲಾರದೆ ಬಾಗಿಲ ಕಡೆ ನೋಡಿದರು. ನಾನು ಹೊಗಳಿಕೆಗಾಗಿ ಅಂಗಿಯ ತೋಳು ಸರಿಮಾಡಿಕೊಂಡು ಕಾದೆ.

ಮುದುಕಿ ಹುಬ್ಬು ಗಂಟಿಕ್ಕಿದರು. "ಹುಡುಗನ ಗಂಟಲು ಕಟ್ಟಿದೆ. ಎಂತದೋ ಸರಿ ಇಲ್ಲ."

ನನ್ನ ಕೈ ತಾನಾಗಿ ಸ್ಕ್ರೂಡ್ರೈವರಿಗೆ ಹೋಯಿತು. ಕಿವಿಗೊಟ್ಟು ಕೇಳಿದೆ. ದೂರದಲ್ಲಿ ಕುಳಿತ ಆ ಮನುಷ್ಯ ಎರಡು ವಾಕ್ಯಗಳ ನಡುವೆ ಮೆಲ್ಲಗೆ ಮೂಗೆಳೆದುಕೊಂಡ.

"ಪೆಟ್ಟಿಗೆ ಸರಿ ಉಂಟು ಉಮ್ಮ. ಅವರಿಗೆ ಶೀತ" ಎಂದೆ.

"ಹಾಗಾದ್ರೆ ಕರಿಮೆಣಸಿನ ಕಷಾಯ ಕುಡಿಯಲಿ" ಎಂದು ಅವರು ಗಂಜಿಯ ಬಟ್ಟಲು ಹತ್ತಿರ ಎಳೆದುಕೊಂಡರು. ನಾನು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿ, ಜೀವನದಲ್ಲಿ ಮೊದಲ ಸಲ, ಚೆನ್ನಾಗಿದ್ದ ವಸ್ತುವೊಂದನ್ನು ಬಿಚ್ಚದೆ ಎದ್ದು ಬಂದೆ.