ಪತ್ರಿಕೆಯಲ್ಲಿ ಬಂದ ಓಣಿ

ಶಹಾಬಾದಿನ ಕಲ್ಲಿನ ಗಣಿಯಲ್ಲಿ ನಾನು ಕಾರಕೂನನಾಗಿದ್ದೆ. ಮುಂಜಾನೆ ಪೂಜೆ ಮುಗಿಸಿ ಹೋಗಿ, ಕೆಲಸ ಶುರುವಾಗುವ ಮುಂಚೆ ಎಲ್ಲರಿಗೂ ಪತ್ರಿಕೆ ಓದಿ ಹೇಳುತ್ತಿದ್ದೆ. ಒಂದು ದಿನ ಹೀಗೆ ಬಂದಿತ್ತು: ‘ಶಹಾಬಾದಿನ ರೈಲು ಹಳಿಯ ಪಕ್ಕದ ಹೊಲಸು ಕೊಳೆಗೇರಿಯನ್ನು ತೆರವು ಮಾಡಿ, ಸುಂದರ ಬಂಗಲೆಗಳನ್ನು ಕಟ್ಟಲಾಗುವುದು.’

ಕಲ್ಲು ಒಡೆಯುವ ಖಾಜಾಬಿ ಲೊಚಗುಟ್ಟಿದಳು. “ಪಾಪ, ಯಾರ ಮನಿ ಕೆಡವತಾರೋ! ನಮ್ಮ ಓಣ್ಯಾಗ ಜಾಗ ಕೊಡೂಣ್ರಿ ಅವರಿಗಿ.”

“ಅದು ನಿಮ್ಮ ಓಣೀನೇ ಅಕ್ಕಾ, ಊರಲ್ಲಿ ಹಳಿಯ ಪಕ್ಕ ಇರೋದು ಅದೊಂದೇ,” ಎಂದೆ.

“ಏನ್ ಮಾತ ಆಡ್ತೀರಿ ಕಾರಕೂನ್ರ? ಓಣಿ ತುಂಬ ಫರಸಿ ಕಲ್ಲು ಹಾಸೀವಿ, ದಿನಾ ತೊಳೀತೀವಿ. ಕೊಳೆಗೇರಿ ಹ್ಯಾಂಗ ಆಗತದ?”

ರೈಲಿನ ಕಿಟಕಿಯಿಂದ ನೋಡಿ ಬರೆದಿದ್ದ ವರದಿಗಾರ ಹುಡುಗನನ್ನು ನಾನೇ ಕರೆತಂದೆ. ಓಣಿಯ ಬಾಯಲ್ಲೇ ಖಾಜಾಬಿ ತಡೆದಳು: “ಬೂಟು ಬಿಚ್ಚರಿ ಸಾಹೇಬ್ರ, ಈಗ ತೊಳದೀವಿ.” ಆತ ಬರಿಗಾಲಲ್ಲೇ ಓಣಿ ಸುತ್ತಿದ. ಮುಂದಿನ ವಾರ ‘ತಣ್ಣನೆಯ ಕಲ್ಲುಹಾಸಿನ ಅಚ್ಚುಕಟ್ಟಾದ ಬಡಾವಣೆ’ ಎಂದು ಬರೆದ. ಬಂಗಲೆಯ ಮಾತು ನಿಂತಿತು. ದೇವರು ದೊಡ್ಡವನು ಎಂದುಕೊಂಡೆ.

ಮರುದಿನವೇ ಪೇಟೆಯ ಸಾಹುಕಾರರಿಬ್ಬರು ಆ ಪತ್ರಿಕೆ ಹಿಡಿದು ಓಣಿಗೆ ಬಂದು, ಅಲ್ಲಿ ಯಾವುದಾದರೂ ಮನೆ ಮಾರಾಟಕ್ಕಿದೆಯೇ ಎಂದು ಕೇಳಿದರು. ಖಾಜಾಬಿ ಅವರಿಗೆ ಚಹಾ ಕುಡಿಸಿ, ಇಲ್ಲವೆಂದು ಹೇಳಿ ಕಳಿಸಿ, ಅಲ್ಲೇ ಕೂತಿದ್ದ ನನ್ನ ಕಡೆ ತಿರುಗಿದಳು.

“ಕಾರಕೂನ್ರ, ಆ ಹುಡುಗಗ ಇನ್ನ ಸ್ವಲ್ಪ ಕಡಿಮಿ ಹೊಗಳಂತ ಹೇಳ್ರಿ.”