ಸೊಟ್ಟ ಕೊಕ್ಕಿನ ಗಿಣಿ

ಜಮಖಂಡಿಯ ನಮ್ಮ ಓಣಿಯಲ್ಲಿ ಸತ್ಯವ್ವನಷ್ಟು ಚಂದ ಸಕ್ಕರೆ ಆರತಿ ಮಾಡುವವರು ಇನ್ನೊಬ್ಬರಿರಲಿಲ್ಲ. ಅದು ಆಕೆಗೂ ಗೊತ್ತಿತ್ತು. ತಾಪತ್ರಯ ಶುರುವಾದದ್ದೇ ಅಲ್ಲಿಂದ. ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ನೆನೆಸಿಟ್ಟ ಸಾಗವಾನಿ ಅಚ್ಚುಗಳಿಗೆ ಪಾಕ ಹೊಯ್ದು ನವಿಲು, ಆನೆ, ಗಿಣಿ ತೆಗೆದು ಪೇಟೆಯ ಅಂಗಡಿಗಳಿಗೂ ಕೊಡುವಳು. ಯಾವುದಾದರೂ ಚೂರು ಸೊಟ್ಟ ಕಂಡರೆ ಮತ್ತೆ ಬೋಗುಣಿಗೆ ಹಾಕಿ ಕರಗಿಸಿಬಿಡುವಳು. "ಇರ್ಲಿ ಬಿಡವಾ, ತಿನ್ನೂದ ಅಲ್ಲೇನು?" ಅಂದರೆ ನನ್ನನ್ನೂ ಬೋಗುಣಿಗೆ ಹಾಕುವ ಹಾಗೆ ನೋಡುತ್ತಿದ್ದಳು.

ಸಂಸ್ಥಾನ ಹೋಗಿ ನಾವೆಲ್ಲ ಮುಂಬೈ ರಾಜ್ಯದವರಾದ ಮೇಲಿನ ಮಾತು. ರಬಕವಿಯ ನೂಲಿನ ವ್ಯಾಪಾರಿ ಪಾಂಡುರಂಗರಾಯರು ಜಪಾನಿಗೆ ಹೋಗಿ ಬಂದರು. ಅಲ್ಲಿ ಯಾರದೋ ಮದುವೆಯಲ್ಲಿ ಕೊಟ್ಟಿದ್ದ ಕಾಗದದ ಡಬ್ಬಿಯೊಂದನ್ನು ತಂದು ಸತ್ಯವ್ವನ ಮುಂದಿಟ್ಟರು. ಕೆಂಪು ಕಾಗದದ ಮೇಲೆ ಬೆಳ್ಳಿ ಬಣ್ಣದ ಕೊಕ್ಕರೆ ಜೋಡಿ. ಒಳಗೆ ಹೂವು, ಎಲೆ, ಆಮೆಯ ಆಕಾರದ ಸಕ್ಕರೆ ಮಿಠಾಯಿ.

ಸತ್ಯವ್ವ ಆಮೆಯನ್ನು ತಿರುವಿ ನೋಡಿದಳು. "ಇವೂ ಅಚ್ಚಿನ್ಯಾಗ ಒತ್ತಿದ್ದರೀ. ಅಲ್ಲೂ ನಮ್ಮಂಥಾವ್ರ ಅದಾರ ಅಂದಂಗಾತು!"

"ನನ್ನ ಮಗಳ ಲಗ್ನಕ್ಕ ಬಂದವರಿಗೆಲ್ಲಾ ಇಂಥಾದ್ದ ಡಬ್ಬಿ ಕೊಡಬೇಕವಾ," ಅಂದರು ರಾಯರು.

ನೂಲಿನ ಕಟ್ಟುಗಳಿಗೆ ಸುತ್ತಿ ಬರುವ ಬಣ್ಣದ ಕಾಗದ ಮಡಚಿ ಡಬ್ಬಿ ಮಾಡಿದವಳು ಸತ್ಯವ್ವನ ಒಬ್ಬಳೇ ಮಗಳು ಸೋಮವ್ವ. ರಾಯರ ಮಗಳ ಲಗ್ನ ಮುಗಿದ ಮೇಲೂ ಬನಹಟ್ಟಿಯ ತನಕ ಆ ಡಬ್ಬಿಗಳದೇ ಮಾತು. ಸಕ್ಕರೆ ತಿಂದವರು ಡಬ್ಬಿಯಲ್ಲಿ ಕುಂಕುಮ ತುಂಬಿಟ್ಟುಕೊಂಡರು. ಸತ್ಯವ್ವನ ಕಾಲು ನೆಲದ ಮೇಲೆ ನಿಲ್ಲದಂತಾಯಿತು.

ಅದೇ ವರ್ಷ ಸೋಮವ್ವನನ್ನು ರನ್ನ ಬೆಳಗಲಿಯ ಅಮಸಿದ್ದಪ್ಪನಿಗೆ ಕೊಡುವುದೆಂದು ಗೊತ್ತಾಗಿತ್ತು. ಕುರಿಯೂ ಹೊಲವೂ ಇದ್ದ ಮನೆತನ. ಹುಡುಗ ಸೋಮವ್ವನ ಮನಸ್ಸಿಗೆ ಬಂದಿದ್ದ. ಅವನ ಊರಿನ ಹೆಸರು ಬಂದರೆ ಸಾಕು, ಹುಡುಗಿ ಇಲ್ಲದ ಕೆಲಸ ಹುಡುಕಿಕೊಂಡು ಒಳಗೆ ಹೋಗುತ್ತಿದ್ದಳು. ಗೊತ್ತಾದ ಹೆಣ್ಣಿಗೆ ಗೌರಿ ಹುಣ್ಣಿಮೆಗೆ ಗಂಡಿನ ಮನೆಯಿಂದ ಸಕ್ಕರೆ ಆರತಿ ಬರುವುದು ನಮ್ಮ ಕಡೆ ಪದ್ಧತಿ. ಹುಡುಗನ ತಾಯಿ ಯಂಕವ್ವ ತಾನೇ ಮಾಡಿ, ಬುಟ್ಟಿಗೆ ಟವೆಲ್ಲು ಮುಚ್ಚಿ ಕಳಿಸಿದಳು.

ಬುಟ್ಟಿ ತೆರೆದ ಸತ್ಯವ್ವನ ಮುಖ ಇಳಿಯಿತು. ಆನೆಗೆ ಸೊಂಡಿಲು ದಪ್ಪ, ನವಿಲಿಗೆ ಕುತ್ತಿಗೆಯೇ ಇಲ್ಲ, ಗಿಣಿಯ ಕೊಕ್ಕು ಕಿವಿಯ ಕಡೆ ತಿರುಗಿತ್ತು.

"ಸಂಜಿಕ ಆರತಿ ನೋಡಾಕ ಓಣಿ ಹೆಂಗಸರು ಬರ್ತಾರ. ಸತ್ಯವ್ವನ ಮಗಳಿಗೆ ಇಂಥಾದ್ದೇನು ಅಂದ್ರ?"

"ಅವ್ವಾ, ಆ ಗಿಣಿ ಒಂದರ ಬಿಡು," ಅಂದಳು ಸೋಮವ್ವ.

"ಎಲ್ಲಾದಕ್ಕಿಂತ ಸೊಟ್ಟ ಅದ ಐತಿ!"

ಎಲ್ಲವೂ ಬೋಗುಣಿಗೆ ಹೋದವು. ಅದೇ ಸಕ್ಕರೆ, ಅಚ್ಚು ಮಾತ್ರ ಸತ್ಯವ್ವನದು. ಉಳಿದಿದ್ದ ಡಬ್ಬಿಯೊಂದರಲ್ಲಿಟ್ಟು ತೋರಿಸಿದಳು. ಬಂದ ಹೆಂಗಸರು ಬೀಗರನ್ನು ಹೊಗಳಿದ್ದೇ ಹೊಗಳಿದ್ದು. ಬೀಗರ ಮರ್ಯಾದೆ ಉಳಿಸಿದೆನೆಂದೇ ಆ ಪುಣ್ಯಾತ್ಗಿತ್ತಿ ನಂಬಿದ್ದಳು.

ಲಗ್ನದ ದಿನ ಗೊತ್ತುಮಾಡಲು ಯಂಕವ್ವ ಬಂದಳು. ಕೂತವಳೇ ಕೇಳಿದಳು: "ಗಿಣಿ ಜ್ವಾಪಾನ ಇಟ್ಟೀರಿಲ್ಲೋ? ಲಗ್ನದಾಗ ಅಕ್ಕಿಕಾಳು ಬಿದ್ದ ಮ್ಯಾಲ ಗಂಡು ಹೆಣ್ಣು ಇಬ್ರೂ ಮುರಕೊಂಡು ತಿನ್ನಬೇಕು. ನಮ್ಮ ಮನಿಯಾಗ ಹಂಗ."

ಸತ್ಯವ್ವ ಹೆಮ್ಮೆಯಿಂದಲೇ ಡಬ್ಬಿ ತಂದಿಟ್ಟಳು. ಯಂಕವ್ವ ಗಿಣಿಯನ್ನು ಬೆಳಕಿಗೆ ಹಿಡಿದಳು.

"ಇದು ನಂದಲ್ಲ. ನಮ್ಮ ಮನಿಯವ್ರು ಕುರಿ ಕಾಯೂ ಮುಂದ, ನನ್ನ ಸಲುವಾಗಿ ಚಾಕುಲೇ ಕೆತ್ತಿದ ಅಚ್ಚಿನ್ಯಾಗ ತೆಗೆದದ್ದು ನಂದು. ಕೊಕ್ಕಿಗೆ ಬಂದಾಗ ಚಾಕು ಜಾರಿತ್ತಂತ. ಅವರು ಹೋದ್ರು, ಅಚ್ಚು ಉಳೀತು."

ಸತ್ಯವ್ವ ಡಬ್ಬಿಯನ್ನು ಹಿಂದಕ್ಕೆಳೆದುಕೊಂಡಳು. ಆದರೂ ಸುಳ್ಳು ಹೇಳಲಿಲ್ಲ. "ಸಕ್ಕರಿ ಅದ ಐತ್ರಿ, ಒಂದು ಹಳಕೂ ಚೆಲ್ಲಿಲ್ಲ. ಚಂದ ಕಾಣ್ಲಿ ಅಂತ ಕರಗಿಸಿದ್ನಿ. ಆ ಅಚ್ಚು ಒಮ್ಮೆ ಕೊಟ್ರ…"

ಯಂಕವ್ವ ಕೂಗಾಡಿದ್ದರೆ ಚಲೋ ಇತ್ತು. ಕೂಗಲಿಲ್ಲ. "ಇವತ್ತ ನನ್ನ ಗಿಣಿ ನಿಮ್ಮ ಕಣ್ಣಿಗೆ ಸೊಟ್ಟ ಕಂಡಿತು. ನಾಳೆ ನನ್ನ ಮಗನೂ ಕಾಣ್ತಾನ," ಅಂದು ಚಹಾ ಮುಟ್ಟದೆ ಎದ್ದಳು.

ಹಿರಿಯರು ಹೋಗಿ ಹೇಳಿದರು, ಸತ್ಯವ್ವ ತಾನೇ ಹೋಗಿ ಕಾಲು ಹಿಡಿದಳು. ಆಗಲಿಲ್ಲ. ಅಮಸಿದ್ದಪ್ಪನಿಗೆ ಬೇರೆ ಕಡೆ ಹೆಣ್ಣು ತಂದರು. ಸೋಮವ್ವ ತಾಯಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಇಬ್ಬರೂ ಅತ್ತು ಹಗುರಾಗುತ್ತಿದ್ದರು. ಈಗಲೂ ನೆನೆಸಿಕೊಂಡರೆ ನನಗೆ ಅನ್ನಿಸುತ್ತದೆ: ಎಂಥ ಕೈ, ಅದರಿಂದ ಎಂಥ ಕೆಲಸ!

ಮರುವರ್ಷ ಬೀಳಗಿಯ ಅಂಗಡಿಕಾರರ ಮನೆಗೆ ಹುಡುಗಿಯನ್ನು ಕೊಡುವುದೆಂದಾಯಿತು. ಹುಣ್ಣಿಮೆಗೆ ಅವರ ಬುಟ್ಟಿ ಬಂತು. ಟವೆಲ್ಲು ಸರಿಸಿದ ಸತ್ಯವ್ವ ಹಾಗೇ ಕೂತುಬಿಟ್ಟಳು. ಆನೆ ಆಕೆಯದೇ, ನವಿಲೂ ಆಕೆಯದೇ. ಮನೆಯಲ್ಲಿ ಮಾಡುವ ತ್ರಾಸು ಯಾಕೆಂದು ಬೀಗರು ಜಮಖಂಡಿ ಪೇಟೆಯಲ್ಲಿ ಸತ್ಯವ್ವ ಮಾಡಿಕೊಟ್ಟ ಸರಕನ್ನೇ ಕೊಂಡು ಕಳಿಸಿದ್ದರು.

ಸೋಮವ್ವ ಗಿಣಿಯನ್ನು ಎತ್ತಿ ಕೊಕ್ಕಿನ ಮೇಲೆ ಬೆರಳಾಡಿಸಿದಳು.

"ಚಂದ ಅದಾವ ಅವ್ವಾ," ಅಂದಳು. "ಒಂದೂ ಸೊಟ್ಟ ಇಲ್ಲ."