ಗಸ್ತಿಯವನ ರೊಟ್ಟಿ

ಮಹಾಯುದ್ಧದ ಕಾಲದಲ್ಲಿ ನನ್ನ ಅಣ್ಣ ಮುಂಬಯಿಗೆ ಹೋಗಿ ನೌಕಾದಳದ ಸಣ್ಣದೊಂದು ಗಸ್ತಿ ಹಡಗು ಸೇರಿದ. ಹಾನಗಲ್ಲಿನ ಕೆರೆಗಿಂತ ದೊಡ್ಡ ನೀರು ಕಾಣದ ಅವ್ವನಿಗೆ ಹಡಗು ತಿಳಿಯಲಿಲ್ಲ, ಗಸ್ತಿ ತಿಳಿಯಿತು. ರಾತ್ರಿಯೆಲ್ಲ ಊರು ಕಾಯ್ದು ಬರುವ ತಳವಾರನಿಗೆ ಬೆಳಿಗ್ಗೆ ಹಂಚಿನಿಂದಿಳಿದ ಮೊದಲ ರೊಟ್ಟಿ ಕೊಡುವುದು ನಮ್ಮ ಮನೆಯ ಪದ್ಧತಿ. ಅಂದಿನಿಂದ ಅವಳು ಅಣ್ಣನಿಗೂ ಒಂದು ತೆಗೆದಿಡತೊಡಗಿದಳು.

“ಸಮುದ್ರದ ಗಸ್ತಿ ಮುಂಜಾನೆಗೆ ಮುಗಿಯೂದಿಲ್ಲಬೇ ಯವ್ವಾ!” ರೊಟ್ಟಿ ಬಡಿಯುತ್ತಲೇ ನಾನು ರೇಗುತ್ತಿದ್ದೆ.

“ಗಸ್ತಿಗೆ ಹೋದಾಂವ ಹಸಕೊಂಡ ಬರ್ತಾನ,” ಎನ್ನುತ್ತಿದ್ದಳು.

ಯುದ್ಧ ಮುಗಿದ ಮೇಲೂ ಅಣ್ಣನ ಹಡಗಿನ ಸುದ್ದಿ ಬರಲಿಲ್ಲ. ಒಂದು ಬೆಳಿಗ್ಗೆ ಅವ್ವ ತಳವಾರನನ್ನೇ ಕೇಳಿದಳು: “ನಿನ್ನ ಗಸ್ತಿ ದಿನಾ ಮುಗೀತದಲ್ಲೋ ಯಪ್ಪಾ, ನನ್ನ ಮಗಂದು ಯಾಕ ಮುಗೀವಲ್ದು?”

ಅಂದು ಅವನು ತನ್ನ ಪಾಲಿನ ರೊಟ್ಟಿಯನ್ನೂ ಒಯ್ಯಲಿಲ್ಲ.